ಬುಕ್‌ಮಾರ್ಕ್ ಮಾಯವಾಯಿತೇ? ಬ್ರೌಸರ್ ಮುಚ್ಚುವ ಮೊದಲು ಇದನ್ನು ಓದಿ

ಬ್ರೌಸರ್‌ನಲ್ಲಿ ಉಳಿಸಿಟ್ಟ ಪುಟಗಳ ಪಟ್ಟಿ, ಅಂದರೆ ಬುಕ್‌ಮಾರ್ಕ್ ಕಾಣೆಯಾದಾಗ ಏನು ಮಾಡಬೇಕು ಅನ್ನುವುದಕ್ಕಿಂತ ಏನು ಮಾಡಬಾರದು ಅನ್ನುವುದು ಮೊದಲು ಗೊತ್ತಿರಬೇಕು. ಬ್ರೌಸರನ್ನು ಮುಚ್ಚಿ ತೆರೆಯುವುದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡುವುದು, ಬ್ರೌಸರನ್ನೇ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವುದು. ಗಾಬರಿಯಲ್ಲಿ ಎಲ್ಲರ ಕೈ ಹೋಗುವುದು ಇದಕ್ಕೇ. ವಾಪಸ್ ಸಿಗಬಹುದಾಗಿದ್ದ ಪಟ್ಟಿ ಕೈತಪ್ಪುವುದೂ ಹೆಚ್ಚಾಗಿ ಇದರಿಂದಲೇ.

‘ಹೋದರೆ ಹೋಗಲಿ, ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತೆ’ ಅಂತ ಹೇಳುವವರಿದ್ದಾರೆ. ಆದರೆ ಪಹಣಿ ನೋಡುವ ಪುಟ, ಮಗಳ ಸ್ಕಾಲರ್‌ಶಿಪ್ ಅರ್ಜಿಯ ಪುಟ, ಯಾವಾಗಲೋ ಓದಿ ಮೆಚ್ಚಿದ ಲೇಖನ, ಹೀಗೆ ವರ್ಷಗಟ್ಟಲೆ ಒಂದೊಂದಾಗಿ ಸೇರಿದ ಪಟ್ಟಿ ಅದು. ಏನೇನು ಉಳಿಸಿಟ್ಟಿದ್ದೆವು ಅನ್ನುವುದೇ ನೆನಪಿಲ್ಲದಿದ್ದರೆ ಹುಡುಕುವುದಾದರೂ ಏನನ್ನು, ಅಲ್ವಾ?

ನಿಜವಾಗಿ ಹೋಗಿದೆಯೇ?

ಎಷ್ಟೋ ಸಲ ಬುಕ್‌ಮಾರ್ಕ್ ಹೋಗಿರುವುದೇ ಇಲ್ಲ, ಕಣ್ಣಿಗೆ ಬೀಳುತ್ತಿರುವುದಿಲ್ಲ ಅಷ್ಟೆ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ‘ಬಿ’ ಮೂರನ್ನೂ ಒಟ್ಟಿಗೆ ಒತ್ತಿ. ಮರೆಯಾಗಿದ್ದ ಬುಕ್‌ಮಾರ್ಕ್ ಪಟ್ಟಿ ಮೇಲೆ ಕಾಣಿಸಿಕೊಳ್ಳಬಹುದು. ಇಲ್ಲವಾದರೆ ಬಲ ಮೇಲ್ತುದಿಯ ಪ್ರೊಫೈಲ್ ಚಿತ್ರ ಒತ್ತಿ ನೋಡಿ. ಮನೆಯಲ್ಲಿ ನಾಲ್ಕು ಜನ ಬಳಸುವ ಕಂಪ್ಯೂಟರ್‌ನಲ್ಲಿ ಬೇರೆ ಪ್ರೊಫೈಲ್ ತೆರೆದಿರುವುದು ತೀರಾ ಸಾಮಾನ್ಯ. ಫೈರ್‌ಫಾಕ್ಸ್ ಬಳಸುವವರು ವಿಳಾಸದ ಪಟ್ಟಿಯಲ್ಲಿ (ತಾಣದ ವಿಳಾಸ ಬರೆಯುವ ಜಾಗದಲ್ಲಿ) ‘ಅಬೌಟ್’, ಒಂದು ಕೋಲನ್, ‘ಪ್ರೊಫೈಲ್ಸ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಲಿ. ಅಲ್ಲಿ ಹಳೆಯ ಪ್ರೊಫೈಲ್ ಕಂಡರೆ ಬುಕ್‌ಮಾರ್ಕ್‌ಗಳು ಅದರೊಳಗೆ ಇರಬಹುದು.

ಈಗತಾನೇ ಕೈತಪ್ಪಿ ಅಳಿಸಿದ್ದರೆ ಕೆಲಸ ಇನ್ನೂ ಸುಲಭ. ಕ್ರೋಮ್ ಮುಚ್ಚಬೇಡಿ. ಕಂಟ್ರೋಲ್, ಶಿಫ್ಟ್, ‘ಓ’ ಒತ್ತಿದರೆ ಬುಕ್‌ಮಾರ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಕಂಟ್ರೋಲ್ ಜೊತೆ ‘ಝಡ್’ ಒತ್ತಿ. ಅಳಿಸಿದ್ದು ವಾಪಸ್ ಬರುತ್ತದೆ. ಇಡೀ ಫೋಲ್ಡರ್ ಅಳಿಸಿದ್ದರೂ ಸರಿ.

ಕ್ರೋಮ್ ಮತ್ತು ಎಡ್ಜ್: ಅಡಗಿರುವ ನಕಲು

ಇದಕ್ಕೆ ಸ್ವಲ್ಪ ತಾಳ್ಮೆ ಬೇಕು, ಆದರೆ ಯಾರು ಬೇಕಾದರೂ ಮಾಡಬಹುದು. ಕ್ರೋಮ್ ನಿಮ್ಮ ಪಟ್ಟಿಯನ್ನು ‘ಬುಕ್‌ಮಾರ್ಕ್ಸ್’ ಎಂಬ ಒಂದು ಫೈಲಿನಲ್ಲಿ ಇಡುತ್ತದೆ. ಪಕ್ಕದಲ್ಲೇ ‘ಬುಕ್‌ಮಾರ್ಕ್ಸ್ ಡಾಟ್ ಬಿಎಕೆ’ ಎಂಬ ನಕಲೂ ಇರುತ್ತದೆ. ಬ್ರೌಸರ್ ತೆರೆದ ಮೇಲೆ ಪಟ್ಟಿಯಲ್ಲಿ ಮೊದಲ ಬದಲಾವಣೆ ಆಗುವಾಗ, ಅದಕ್ಕೂ ಮುಂಚಿನ ಪಟ್ಟಿಯನ್ನು ಕ್ರೋಮ್ ಈ ನಕಲಿಗೆ ಬರೆದಿಡುತ್ತದೆ. ಮುಚ್ಚಿ ಮತ್ತೆ ತೆರೆದು ಏನಾದರೂ ಬದಲಾದರೆ, ಖಾಲಿಯಾದ ಪಟ್ಟಿಯೇ ನಕಲಿನ ಮೇಲೆ ಕೂರುತ್ತದೆ. ಮುಚ್ಚಿ ತೆರೆಯಬೇಡಿ ಅಂದಿದ್ದು ಇದಕ್ಕೇ.

ಮೊದಲು ಇಂಟರ್‌ನೆಟ್ ಕಡಿತ ಮಾಡಿ. ವೈಫೈ ಆಫ್ ಮಾಡಿದರೆ ಸಾಕು. ವಿಳಾಸದ ಪಟ್ಟಿಯಲ್ಲಿ ‘ಕ್ರೋಮ್’, ಕೋಲನ್, ಎರಡು ಓರೆಗೆರೆ, ‘ವರ್ಷನ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಆ ಪುಟದಲ್ಲಿ ‘ಪ್ರೊಫೈಲ್ ಪಾತ್’ ಎಂಬ ಸಾಲು ಇರುತ್ತದೆ. ಅದನ್ನು ಕಾಪಿ ಮಾಡಿಕೊಂಡು ಕ್ರೋಮ್ ಪೂರ್ತಿ ಮುಚ್ಚಿ, ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಪೇಸ್ಟ್ ಮಾಡಿ. ಫೋಲ್ಡರ್ ತೆರೆಯುತ್ತದೆ. ‘ಬುಕ್‌ಮಾರ್ಕ್ಸ್’ ಹೆಸರಿನ ಎಲ್ಲ ಫೈಲುಗಳನ್ನೂ ಮೊದಲು ಡೆಸ್ಕ್‌ಟಾಪ್‌ಗೆ ನಕಲು ಮಾಡಿಡಿ. ‘ಅಕೌಂಟ್‌ಬುಕ್‌ಮಾರ್ಕ್ಸ್’ ಎಂಬುದು ಕಂಡರೆ ಅದನ್ನೂ ಬಿಡಬೇಡಿ. ಈ ಹೆಜ್ಜೆಯನ್ನು ಮಾತ್ರ ದಯವಿಟ್ಟು ದಾಟಿ ಹೋಗಬೇಡಿ. ಮುಂದೆ ಏನೇ ಎಡವಟ್ಟಾದರೂ ಹಿಂದಕ್ಕೆ ಬರಲು ದಾರಿ ಇರುತ್ತದೆ.

ಆಮೇಲೆ ‘ಬುಕ್‌ಮಾರ್ಕ್ಸ್’ ಫೈಲಿಗೆ ಬೇರೆ ಹೆಸರು ಕೊಡಿ. ಬಿಎಕೆ ಫೈಲಿನ ಹೆಸರಿನಿಂದ ಚುಕ್ಕೆ ಮತ್ತು ಬಿಎಕೆ ತೆಗೆದು ಬರೀ ‘ಬುಕ್‌ಮಾರ್ಕ್ಸ್’ ಅಂತ ಉಳಿಸಿ. ವಿಂಡೋಸ್‌ನಲ್ಲಿ ಹೆಸರಿನ ಈ ಬಾಲ ಕಾಣದಿದ್ದರೆ, ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆನ್ ಮಾಡಿ. ಈಗ ಕ್ರೋಮ್ ತೆರೆಯಿರಿ. ಪಟ್ಟಿ ಬಂದಿದ್ದರೆ ಖುಷಿಯಲ್ಲಿ ತಕ್ಷಣ ವೈಫೈ ಹಾಕಬೇಡಿ. ಸಿಂಕ್ (ನಿಮ್ಮ ಎಲ್ಲ ಸಾಧನಗಳಲ್ಲೂ ಒಂದೇ ಪಟ್ಟಿ ಇಡುವ ವ್ಯವಸ್ಥೆ) ಆನ್ ಇದ್ದರೆ, ಗೂಗಲ್ ಖಾತೆಯಲ್ಲಿ ಆಗಲೇ ಅಳಿಸಿಹೋದದ್ದು ಇಲ್ಲಿಯೂ ಮತ್ತೆ ಅಳಿಸಿಹೋಗಬಹುದು. ನೆಟ್ ಇಲ್ಲದಿರುವಾಗಲೇ ಬುಕ್‌ಮಾರ್ಕ್ ಮ್ಯಾನೇಜರ್‌ನ ಮೂರು ಚುಕ್ಕೆ ಒತ್ತಿ, ‘ಎಕ್ಸ್‌ಪೋರ್ಟ್ ಬುಕ್‌ಮಾರ್ಕ್ಸ್’ ಆರಿಸಿ ಒಂದು ಎಚ್‌ಟಿಎಂಎಲ್ (ವೆಬ್ ಪುಟದ ರೂಪದ) ಫೈಲ್ ಮಾಡಿಟ್ಟುಕೊಳ್ಳಿ. ಆಮೇಲೆ ನೆಟ್ ಹಾಕಿ. ಪಟ್ಟಿ ಮತ್ತೆ ಮಾಯವಾದರೂ ಅದೇ ಮೆನುವಿನ ‘ಇಂಪೋರ್ಟ್’ನಿಂದ ಆ ಫೈಲ್ ಕೊಟ್ಟರೆ ಎಲ್ಲವೂ ಹೊಸದಾಗಿ ಸೇರಿಕೊಳ್ಳುತ್ತವೆ.

ಎಡ್ಜ್‌ನಲ್ಲೂ ಇದೇ ಕ್ರಮ. ಅಲ್ಲಿ ಮೆನುವಿನಲ್ಲಿ ಕಾಣುವ ಹೆಸರು ಮಾತ್ರ ‘ಫೇವರಿಟ್ಸ್’, ಫೈಲಿನ ಹೆಸರು ‘ಬುಕ್‌ಮಾರ್ಕ್ಸ್’ ಅಂತಲೇ ಇರುತ್ತದೆ. ವಿಳಾಸದಲ್ಲಿ ‘ಕ್ರೋಮ್’ ಬದಲು ‘ಎಡ್ಜ್’ ಎಂದು ಟೈಪ್ ಮಾಡಬೇಕು.

ಫೈರ್‌ಫಾಕ್ಸ್, ಸಫಾರಿ

ಈ ವಿಷಯದಲ್ಲಿ ಫೈರ್‌ಫಾಕ್ಸ್ ಎಲ್ಲರಿಗಿಂತ ಮುಂದೆ. ಅದು ತಾನಾಗಿಯೇ ದಿನಾಂಕದ ಸಮೇತ ನಕಲುಗಳನ್ನು ಮಾಡಿಡುತ್ತದೆ, ಸಾಮಾನ್ಯವಾಗಿ 15ರವರೆಗೆ. ಕಂಟ್ರೋಲ್, ಶಿಫ್ಟ್, ‘ಓ’ ಒತ್ತಿ ಲೈಬ್ರರಿ ತೆರೆಯಿರಿ. ‘ಇಂಪೋರ್ಟ್ ಅಂಡ್ ಬ್ಯಾಕಪ್’ ಒಳಗೆ ‘ರಿಸ್ಟೋರ್’ಗೆ ಹೋಗಿ ಬೇಕಾದ ದಿನಾಂಕ ಆರಿಸಿ. ಒಂದು ಎಚ್ಚರಿಕೆ: ಹಳೆಯ ಪಟ್ಟಿ ಬಂದಾಗ ಈಗಿನ ಪಟ್ಟಿ ಪೂರ್ತಿ ಹೋಗುತ್ತದೆ. ಅದಕ್ಕೇ ಈಗಿನದನ್ನು ಮೊದಲು ಬ್ಯಾಕಪ್ ಮಾಡಿಕೊಳ್ಳಿ.

ಐಫೋನ್ ಅಥವಾ ಮ್ಯಾಕ್‌ನ ಸಫಾರಿಯವರು ಬ್ರೌಸರ್‌ನಲ್ಲಿ ಐಕ್ಲೌಡ್ ತಾಣಕ್ಕೆ ಲಾಗಿನ್ ಆಗಿ ‘ಡೇಟಾ ರಿಕವರಿ’ ತೆರೆದರೆ, ಕಳೆದ 30 ದಿನಗಳಲ್ಲಿ ಅಳಿಸಿಹೋದ ಬುಕ್‌ಮಾರ್ಕ್‌ಗಳನ್ನು ಮರಳಿ ಪಡೆಯುವ ದಾರಿ ಅಲ್ಲಿದೆ.

ವಿಂಡೋಸ್ ಹೊಸದಾಗಿ ಹಾಕಿಸಿದ್ದರೆ

ರಿಪೇರಿ ಅಂಗಡಿಯಲ್ಲಿ ವಿಂಡೋಸ್ ಮತ್ತೆ ಹಾಕಿಸಿದ ಮೇಲೆ ಬುಕ್‌ಮಾರ್ಕ್ ಹೋಗಿದೆಯೇ? ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್ ಇದೆಯಾ ನೋಡಿ. ಡ್ರೈವ್ ಫಾರ್ಮ್ಯಾಟ್ ಮಾಡದೆ ಹಾಕಿದ್ದರೆ ಹಳೆಯ ಫೈಲುಗಳು ಅದರಲ್ಲಿ ಉಳಿದಿರುತ್ತವೆ. ತಡ ಮಾಡಬೇಡಿ, ಕೆಲವು ದಿನಗಳ ನಂತರ ವಿಂಡೋಸ್ ಅದನ್ನು ತಾನೇ ಅಳಿಸಿಬಿಡುತ್ತದೆ. ಅದರೊಳಗಿನ ‘ಯೂಸರ್ಸ್’ನಲ್ಲಿ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ‘ಆ್ಯಪ್‌ಡೇಟಾ’, ‘ಲೋಕಲ್’, ‘ಗೂಗಲ್’, ‘ಕ್ರೋಮ್’, ‘ಯೂಸರ್ ಡೇಟಾ’, ‘ಡಿಫಾಲ್ಟ್’ ಹೀಗೆ ಹೋಗಿ. ‘ಬುಕ್‌ಮಾರ್ಕ್ಸ್’ ಫೈಲ್ ಅಲ್ಲಿ ಸಿಕ್ಕರೆ, ಮೇಲೆ ಹೇಳಿದ ಕ್ರಮದಲ್ಲೇ ಅದನ್ನು ಈಗಿನ ಪ್ರೊಫೈಲ್ ಫೋಲ್ಡರ್‌ಗೆ ತನ್ನಿ. ‘ಆ್ಯಪ್‌ಡೇಟಾ’ ಮರೆಯಲ್ಲಿರುವ ಫೋಲ್ಡರ್. ಅದನ್ನು ಕಾಣಲು ‘ಹಿಡನ್ ಐಟಮ್ಸ್’ ಆನ್ ಮಾಡಬೇಕು.

ಸಿಂಕ್ ಇದ್ದರೆ ಸಾಕಲ್ವಾ?

ಸಾಲದು. ಬಹಳ ಜನ ಮೋಸ ಹೋಗುವುದು ಇಲ್ಲೇ. ಮೊಬೈಲ್‌ನಲ್ಲಿ ಅಳಿಸಿದ್ದು ಲ್ಯಾಪ್‌ಟಾಪ್‌ನಲ್ಲೂ ಅಳಿಸಿಹೋಗುವಂತೆ ನೋಡಿಕೊಳ್ಳುವುದೇ ಸಿಂಕ್‌ನ ಕೆಲಸ. ಅದು ಎಲ್ಲ ಕಡೆ ಒಂದೇ ಪಟ್ಟಿ ಇಡುತ್ತದೆ, ಹಳೆಯ ಪಟ್ಟಿಯನ್ನು ಕಾಪಾಡುವುದಿಲ್ಲ. ನಿಜವಾದ ಬ್ಯಾಕಪ್ ಅಂದರೆ ಆ ಎಚ್‌ಟಿಎಂಎಲ್ ಫೈಲೇ. ಅದನ್ನು ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಎಲ್ಲವೂ ಓದುತ್ತವೆ. ಹೆಸರಿನಲ್ಲಿ ದಿನಾಂಕ ಸೇರಿಸಿ, ಒಂದನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್ನೊಂದನ್ನು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಸುಮ್ನೆ ಇಟ್ಟು ಮರೆಯಬೇಡಿ. ಒಮ್ಮೆ ಡಬಲ್ ಕ್ಲಿಕ್ ಮಾಡಿ, ಲಿಂಕ್‌ಗಳು ಕಾಣುತ್ತವೆಯೇ ಎಂದು ನೋಡಿ.

ಮೊಬೈಲ್ ಒಂದನ್ನೇ ಬಳಸುವವರು ಗೂಗಲ್ ಖಾತೆಗೆ ಸಿಂಕ್ ಮಾಡಿ, ಖಾತೆಯ ಮಾಹಿತಿಯ ನಕಲು ಕೊಡುವ ಗೂಗಲ್‌ನ ಸೇವೆಯಾದ ‘ಗೂಗಲ್ ಟೇಕ್‌ಔಟ್’ನಲ್ಲಿ ಕ್ರೋಮ್ ಆರಿಸಿಕೊಳ್ಳಬಹುದು. ಎರಡು ತಿಂಗಳಿಗೊಮ್ಮೆ ನಕಲು ಸಿಗುವಂತೆ ಒಂದು ವರ್ಷಕ್ಕೆ ನಿಗದಿ ಮಾಡುವ ಆಯ್ಕೆಯೂ ಅಲ್ಲಿದೆ.

ಹಳೆಯ ಪಟ್ಟಿ ವಾಪಸ್ ಬಂದ ಮೇಲೆ ಬ್ಯಾಂಕ್ ಲಿಂಕ್‌ಗಳನ್ನು ಒಮ್ಮೆ ಪರೀಕ್ಷಿಸಿ. ನಕಲಿ ತಾಣಗಳನ್ನು ತಡೆಯಲು ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ನಿಮ್ಮ ಪಟ್ಟಿಯಲ್ಲಿ ಹಳೆಯ ವಿಳಾಸವಿದ್ದರೆ ಹೊಸದನ್ನು ಉಳಿಸಿ, ಹಳೆಯದನ್ನು ತೆಗೆದುಹಾಕಿ. ಆಮೇಲೆ ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.