ಹೊಸ ಫೋನನ್ನು ಮರಳಿಸಿ ಬೇರೆ ಕಂಪನಿಯದನ್ನು ಕೊಳ್ಳಬೇಕೇ? ತೀರ್ಮಾನಿಸುವ ಬಗೆ

ಹೊಸ ಸ್ಮಾರ್ಟ್‌ಫೋನ್ ಕೊಂಡ ಕೆಲವೇ ದಿನಗಳಲ್ಲಿ, ಅದೇ ದರ್ಜೆಯ ಬೇರೆ ಕಂಪನಿಯ ಫೋನೇ ಚೆನ್ನಾಗಿತ್ತೇನೋ ಎಂಬ ಅನುಮಾನ ಬಹಳ ಜನರನ್ನು ಕಾಡುತ್ತದೆ. ಆಗ ಹೆಚ್ಚಿನವರು ಎರಡೂ ಫೋನುಗಳ ವಿವರಪಟ್ಟಿಯನ್ನು ಅಕ್ಕಪಕ್ಕ ಇಟ್ಟುಕೊಂಡು ಮತ್ತೆ ಮೊದಲಿನಿಂದ ಹೋಲಿಸಲು ಕೂರುತ್ತಾರೆ. ಕೊಳ್ಳುವ ಮುನ್ನ ಆ ಕ್ರಮ ಸರಿ, ಕೊಂಡ ಮೇಲೆ ಅದರಿಂದ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಈ ಹಂತದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೂ ಕಿರಿದು: ಕೈಯಲ್ಲಿರುವ ಫೋನು ನಿಮ್ಮ ಯಾವ ಕೆಲಸಕ್ಕೆ ಅಡ್ಡಿಯಾಗುತ್ತಿದೆ, ಮತ್ತು ಆ ಇನ್ನೊಂದು ಫೋನು ಅದೇ ಅಡ್ಡಿಯನ್ನು ನಿಜಕ್ಕೂ ನಿವಾರಿಸುತ್ತದೆಯೇ?

ವಿಚಾರ ಆರಂಭಿಸುವ ಮೊದಲು ಮಾರಾಟಗಾರರ ನಿಯಮಗಳನ್ನು ಪೂರ್ತಿಯಾಗಿ ಓದಿಕೊಳ್ಳಿ. ಮರಳಿಸಲು ಎಷ್ಟು ದಿನಗಳ ಅವಕಾಶವಿದೆ, ಆ ದಿನಗಳನ್ನು ಹಣ ಕಟ್ಟಿದ ದಿನದಿಂದ ಎಣಿಸುತ್ತಾರೋ ಫೋನು ಕೈಸೇರಿದ ದಿನದಿಂದಲೋ, ಪೆಟ್ಟಿಗೆ ತೆರೆದ ಫೋನಿಗೆ ಪೂರ್ತಿ ಹಣ ಬರುತ್ತದೋ ಸ್ವಲ್ಪ ಕಡಿತವಾಗುತ್ತದೋ ಎಂಬುದನ್ನು ತಿಳಿಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ದೋಷವಿದ್ದರೆ ಮಾತ್ರ ಹಿಂದಕ್ಕೆ ಪಡೆಯುತ್ತಾರೋ ಅಥವಾ ಇಷ್ಟವಾಗಲಿಲ್ಲ ಎಂದರೂ ಪಡೆಯುತ್ತಾರೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅನೇಕ ಕಡೆ ಮರಳಿಸುವ ಸೌಲಭ್ಯವೆಂದು ಕರೆಯುವುದು ವಾಸ್ತವದಲ್ಲಿ ಅದೇ ಮಾದರಿಯ ಇನ್ನೊಂದು ಫೋನನ್ನು ಕೊಡುವುದಷ್ಟೇ ಆಗಿರುತ್ತದೆ. ಪೆಟ್ಟಿಗೆ, ಕೇಬಲ್, ಸಿಮ್ ತಟ್ಟೆ ತೆಗೆಯುವ ಪಿನ್, ರಸೀದಿ ಎಲ್ಲವನ್ನೂ ಒಂದೇ ಕಡೆ ಎತ್ತಿಡಿ. ಕೊನೆಯ ದಿನಕ್ಕಿಂತ ಎರಡು ಮೂರು ದಿನ ಮೊದಲೇ ತೀರ್ಮಾನಕ್ಕೆ ಬರುವಂತೆ ದಿನ ಗೊತ್ತುಮಾಡಿಕೊಂಡರೆ ಅವಸರದ ನಿರ್ಧಾರ ತಪ್ಪುತ್ತದೆ.

ಇನ್ನು ಅಸಮಾಧಾನದ ಮೂಲವನ್ನು ಹುಡುಕಬೇಕು. ಈ ಕೆಲಸಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ ಎಂಬುದು ನನ್ನ ಆಗ್ರಹ, ಏಕೆಂದರೆ ಬೇರೆ ಬೇರೆ ಕಾರಣಗಳಿಂದ ಹುಟ್ಟಿದ ತೊಂದರೆಗಳಿಗೆ ಬೇರೆ ಬೇರೆ ಪರಿಹಾರಗಳಿವೆ. ಫೋನನ್ನೇ ಬದಲಿಸುವುದು ಅವುಗಳಲ್ಲಿ ಒಂದಕ್ಕೆ ಮಾತ್ರ ಮದ್ದು.

ಮೊದಲನೆಯದು ರೂಢಿಯಿಲ್ಲದ ತೊಡಕು. ವರ್ಷಗಟ್ಟಲೆ ಒಂದೇ ಬಗೆಯ ಫೋನು ಬಳಸಿದವರಿಗೆ ಹಿಂದಕ್ಕೆ ಹೋಗುವ ಸನ್ನೆ, ಕೀಲಿಮಣೆಯಲ್ಲಿ ಅಕ್ಷರಗಳ ಜಾಗ, ಅಧಿಸೂಚನೆಗಳು ಕಾಣಿಸಿಕೊಳ್ಳುವ ರೀತಿ ಇವೆಲ್ಲ ಬೆರಳಿಗೆ ಅಂಟಿಹೋಗಿರುತ್ತವೆ. ಹೊಸದರಲ್ಲಿ ಪ್ರತಿ ಸಲವೂ ಎಡವಿದಂತಾಗುತ್ತದೆ. ಇಂಥ ತೊಡಕು ಒಂದೆರಡು ವಾರಗಳಲ್ಲಿ ಸಾಮಾನ್ಯವಾಗಿ ತಾನಾಗಿ ಕರಗುತ್ತದೆ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿರುವ ತೊಂದರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೆಯದು ಆರಂಭದ ದಿನಗಳಿಗೆ ಮಾತ್ರ ಸೀಮಿತವಾದದ್ದು. ಹಳೆಯ ಫೋನಿನಿಂದ ಮಾಹಿತಿ ವರ್ಗಾಯಿಸಿದ ಮೇಲೆ ಹೊಸ ಫೋನು ಹಿನ್ನೆಲೆಯಲ್ಲಿ ಸಾವಿರಾರು ಚಿತ್ರಗಳನ್ನು ವಿಂಗಡಿಸುತ್ತದೆ, ಆ್ಯಪ್‌ಗಳನ್ನು ಇಳಿಸಿಕೊಳ್ಳುತ್ತದೆ, ಹುಡುಕಾಟಕ್ಕೆ ಬೇಕಾದ ಸೂಚಿಯನ್ನು ತಯಾರಿಸುತ್ತದೆ. ಅದರಿಂದ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಆಂಡ್ರಾಯ್ಡ್ 2018ರಿಂದಲೂ ಯಾವ ಆ್ಯಪ್ ಎಷ್ಟು ಬಳಕೆಯಾಗುತ್ತದೆ ಎಂಬುದನ್ನು ಗಮನಿಸಿ ವಿದ್ಯುತ್ತನ್ನು ಮಿತವಾಗಿ ಹಂಚುವ ವ್ಯವಸ್ಥೆಯನ್ನು ಹೊಂದಿದೆ. ಅದು ನಿಮ್ಮ ಬಳಕೆಯನ್ನು ಅರಿಯಲೂ ಸಮಯ ಬೇಕು. ಹಾಗಾಗಿ ಮೊದಲ ಎರಡು ಮೂರು ದಿನಗಳ ಬ್ಯಾಟರಿಯನ್ನು ನೋಡಿ ಫೋನಿನ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ.

ಮೂರನೆಯದು ಸೆಟ್ಟಿಂಗ್‌ನಲ್ಲಿ ಸರಿಹೋಗುವಂಥದ್ದು. ಪರದೆ ತೀರಾ ಢಾಳಾಗಿ ಕಂಡರೆ ಬಣ್ಣದ ವಿಧಾನವನ್ನು ಬದಲಿಸಬಹುದು. ಅಕ್ಷರ ಚಿಕ್ಕದೆನಿಸಿದರೆ ಹಿಗ್ಗಿಸಬಹುದು. ಸಂದೇಶಗಳು ತಡವಾಗಿ ಬರುತ್ತಿದ್ದರೆ, ಆ ಆ್ಯಪ್‌ಗೆ ಹಾಕಿರುವ ಬ್ಯಾಟರಿ ನಿರ್ಬಂಧವನ್ನು ತೆಗೆಯಬಹುದು. 5ಜಿ ಸಂಕೇತ ದುರ್ಬಲವಾಗಿರುವ ಜಾಗದಲ್ಲಿ ಫೋನು ಅದನ್ನು ಹಿಡಿಯಲು ಹೆಚ್ಚು ಶಕ್ತಿ ವ್ಯಯಿಸುವುದರಿಂದ, ಕೆಲವು ದಿನ 4ಜಿಗೆ ಬದಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ನಾಲ್ಕನೆಯದು ನಿಮ್ಮ ಕೈಯಲ್ಲಿರುವ ಆ ಒಂದು ಫೋನಿನ ದೋಷ. ಪರದೆಯಲ್ಲಿ ಉರಿಯದ ಚುಕ್ಕೆ, ಮಾತಾಡುವಾಗ ಎದುರಿನವರಿಗೆ ಕೇಳದ ಮೈಕ್, ಕಾರಣವಿಲ್ಲದೆ ಮರುಚಾಲನೆಯಾಗುವುದು, ಒಂದು ಕಡೆ ಮಸುಕಾಗುವ ಕ್ಯಾಮೆರಾ ಇವು ಸಾಮಾನ್ಯವಾಗಿ ಬಿಡಿ ಫೋನಿನ ತೊಂದರೆಗಳು. ಇವಕ್ಕೆ ಅದೇ ಮಾದರಿಯ ಬದಲಿ ಫೋನನ್ನು ಕೇಳುವುದೇ ಸರಿಯಾದ ದಾರಿ. ಬೇರೆ ಕಂಪನಿಯತ್ತ ಹೋದರೂ ಅಲ್ಲೂ ಇಂಥ ಫೋನು ಸಿಗುವ ಸಂಭವ ಇದ್ದೇ ಇದೆ.

ಐದನೆಯದು ಮಾದರಿಯ ಸ್ವಭಾವಕ್ಕೇ ಸೇರಿದ್ದು, ಅಂದರೆ ಎಷ್ಟು ಬದಲಿ ಫೋನು ತಂದರೂ ಹೋಗದ್ದು. ಬಿಡಿ ಫೋನಿನ ದೋಷಕ್ಕೂ ಮಾದರಿಯ ದೋಷಕ್ಕೂ ಇರುವ ಅಂತರಕ್ಕೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ದೊಡ್ಡ ಉದಾಹರಣೆ. 2016ರಲ್ಲಿ ಅದರ ಬ್ಯಾಟರಿಗಳಿಗೆ ಬೆಂಕಿ ಹೊತ್ತಿಕೊಂಡಾಗ ಕಂಪನಿ ಫೋನುಗಳನ್ನು ಹಿಂಪಡೆದು ಬದಲಿ ಕೊಟ್ಟಿತು. ಬದಲಿಯಾಗಿ ಕೊಟ್ಟವುಗಳಿಗೂ ಬೆಂಕಿ ತಗುಲಿದ್ದರಿಂದ ಅದೇ ವರ್ಷ ಆ ಮಾದರಿಯನ್ನೇ ನಿಲ್ಲಿಸಬೇಕಾಯಿತು. ಇದಕ್ಕೆ ಎದುರಾಗಿ, 2010ರ ಐಫೋನ್ 4 ಅನ್ನು ಕೆಳಗಿನ ಎಡಮೂಲೆ ಮುಚ್ಚುವಂತೆ ಹಿಡಿದರೆ ಸಂಕೇತ ಕುಸಿಯುತ್ತಿತ್ತು. ಅದೂ ವಿನ್ಯಾಸದ ದೋಷವೇ ಆಗಿತ್ತು, ಆದರೆ ಒಂದು ಕವಚ ಹಾಕಿದರೆ ತೊಂದರೆ ತಗ್ಗುತ್ತಿತ್ತು, ಆ್ಯಪಲ್ ಕವಚಗಳನ್ನು ಉಚಿತವಾಗಿ ಕೊಟ್ಟಿತು. ಆದ್ದರಿಂದ ತೊಂದರೆ ಮಾದರಿಯದ್ದೇ ಎಂದು ಗೊತ್ತಾದ ಮೇಲೂ, ಸುಲಭವಾದ ಪರಿಹಾರವೇನಾದರೂ ಇದೆಯೇ ಎಂದು ಒಮ್ಮೆ ವಿಚಾರಿಸಬೇಕು.

ತೂಕ, ಅಗಲ, ಕೈಗೆ ಒಗ್ಗದ ಅಂಚು, ದೂರದ ದೃಶ್ಯಕ್ಕೆ ಬೇಕಾದ ಮಸೂರವಿಲ್ಲದಿರುವುದು, ಮೈಕ್ರೊಎಸ್‌ಡಿ ಕಾರ್ಡಿಗೆ ಜಾಗವಿಲ್ಲದಿರುವುದು ಇವೆಲ್ಲ ಈ ಐದನೆಯ ಗುಂಪಿಗೆ ಸೇರುತ್ತವೆ. ಕಣ್ಣಿನ ಆಯಾಸವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಅನೇಕ ಒಎಲ್‌ಇಡಿ ಪರದೆಗಳು ಬೆಳಕನ್ನು ತಗ್ಗಿಸಲು ಕಣ್ಣಿಗೆ ಕಾಣದಷ್ಟು ವೇಗವಾಗಿ ಆರಿ ಹತ್ತುತ್ತಿರುತ್ತವೆ. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ, ಆದರೆ ಕೆಲವರಿಗೆ ಮಂದ ಬೆಳಕಿನಲ್ಲಿ ಓದುವಾಗ ತಲೆನೋವು, ಕಣ್ಣುರಿ ಬರುತ್ತದೆ. ಈ ವೇಗ ಫೋನಿನಿಂದ ಫೋನಿಗೆ ಬೇರೆಯಾಗಿರುತ್ತದೆ. ಹಳೆಯ ಫೋನಿನಲ್ಲಿಲ್ಲದ ತಲೆನೋವು ಹೊಸದರಲ್ಲಿ ಪ್ರತಿ ರಾತ್ರಿ ಬರುತ್ತಿದ್ದರೆ, ಪರದೆಯ ಬೆಳಕು ಹೆಚ್ಚಿಸಿದರೆ ಕಡಿಮೆಯಾಗುತ್ತದೆಯೇ ನೋಡಿ. ಕಡಿಮೆಯಾದರೆ ಕಾರಣ ಇದೇ ಇರಬಹುದು. ಇದು ಫೋನನ್ನು ಬದಲಿಸಲು ಸಾಕಾದ ಕಾರಣವೆಂದು ನಾನು ತಿಳಿಯುತ್ತೇನೆ. ಸಹಿಸಿಕೊಳ್ಳುತ್ತೇನೆ ಎಂದು ವರ್ಷಗಟ್ಟಲೆ ಕಣ್ಣನ್ನು ದಣಿಸುವುದರಲ್ಲಿ ಅರ್ಥವಿಲ್ಲ.

ಈ ವಿಂಗಡಣೆಯನ್ನು ಮನಸ್ಸಿನಲ್ಲೇ ಮಾಡಿದರೆ ಕ್ಷಣದ ಕಿರಿಕಿರಿ ದೊಡ್ಡದಾಗಿ ಕಾಣುತ್ತದೆ. ಒಂದು ವಾರ, ತೊಂದರೆಯಾದಾಗಲೆಲ್ಲ ಏನು ಮಾಡುವಾಗ ಏನಾಯಿತು ಎಂದು ಒಂದು ಸಾಲು ಬರೆದಿಡಿ. ‘ಕ್ಯಾಮೆರಾ ಚೆನ್ನಾಗಿಲ್ಲ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಸಂಜೆ ಮನೆಯೊಳಗೆ ಓಡಾಡುವ ಮಗುವಿನ ಚಿತ್ರ ಕಲಸಿಹೋಯಿತು’ ಎಂದು ಬರೆದರೆ ಇನ್ನೊಂದು ಫೋನಿನಲ್ಲಿ ಪರೀಕ್ಷಿಸಬಹುದಾದ ವಿಷಯ ಸಿಗುತ್ತದೆ. ವಾರದ ಕೊನೆಯಲ್ಲಿ ಪಟ್ಟಿ ಖಾಲಿಯಿದ್ದೂ ಆ ಇನ್ನೊಂದು ಫೋನಿನ ಮೇಲೆ ಮನಸ್ಸು ಹರಿಯುತ್ತಿದ್ದರೆ, ನಿಮಗೆ ಈ ಫೋನಿನಿಂದ ತೊಂದರೆಯಿಲ್ಲ, ಅದರ ಮೇಲೆ ಆಸೆಯಿದೆ ಅಷ್ಟೆ. ಆಸೆ ತಪ್ಪಲ್ಲ, ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಆಸೆಯೆಂದೇ ತಿಳಿದು ತೆರಬೇಕು.

ಪಟ್ಟಿಯಲ್ಲಿ ಮಾದರಿಗೇ ಸೇರಿದ ತೊಂದರೆಗಳು ಉಳಿದಿದ್ದರೆ, ಪ್ರತಿಸ್ಪರ್ಧಿ ಫೋನನ್ನು ಆ ಪಟ್ಟಿಯೊಂದಿಗೇ ನೋಡಬೇಕು. ಬಿಡುಗಡೆಯ ವಾರದಲ್ಲಿ ಬಂದ ವಿಮರ್ಶೆಗಳಿಗಿಂತ, ಕೆಲವು ತಿಂಗಳು ಬಳಸಿದವರು ಹೇಳುವ ದೂರುಗಳು ಹೆಚ್ಚು ಉಪಯುಕ್ತ. ಒಂದೇ ದೂರು ಬೇರೆ ಬೇರೆಯವರಿಂದ ಮರುಕಳಿಸುತ್ತಿದೆಯೇ ಎಂಬುದನ್ನು ಗಮನಿಸಿ. ಅಂಕಿಗಳ ವಿಷಯದಲ್ಲಿ ಎಚ್ಚರವಿರಲಿ. 48 ಅಥವಾ 200 ಮೆಗಾಪಿಕ್ಸೆಲ್ ಎಂದು ಸಾರುವ ಕ್ಯಾಮೆರಾಗಳೂ ಸಾಮಾನ್ಯ ಸ್ಥಿತಿಯಲ್ಲಿ ಹಲವು ಪಿಕ್ಸೆಲ್‌ಗಳನ್ನು ಒಂದಾಗಿ ಬೆಸೆದು ಹೆಚ್ಚಾಗಿ 12 ಮೆಗಾಪಿಕ್ಸೆಲ್‌ನ ಆಸುಪಾಸಿನ ಚಿತ್ರಗಳನ್ನೇ ಕೊಡುತ್ತವೆ. ಚಿತ್ರದ ಗುಣವನ್ನು ಸೆನ್ಸರಿನ ಗಾತ್ರ, ಮಸೂರ ಮತ್ತು ತಂತ್ರಾಂಶದ ಸಂಸ್ಕರಣೆ ನಿರ್ಧರಿಸುತ್ತವೆ. ಹಾಗೆಯೇ, ಹೆಚ್ಚಿನ ವಾಟ್‌ಗಳ ವೇಗದ ಚಾರ್ಜಿಂಗ್ ಬಹಳಷ್ಟು ಸಲ ಆ ಕಂಪನಿಯದೇ ಚಾರ್ಜರ್ ಇದ್ದರೆ ಮಾತ್ರ ಸಿಗುತ್ತದೆ. ಸಾಧ್ಯವಾದರೆ ಪರಿಚಯದವರ ಬಳಿಯಿರುವ ಅದೇ ಫೋನನ್ನು ಒಂದು ಗಂಟೆ ಬಳಸಿ ನೋಡಿ, ಪಟ್ಟಿಯಲ್ಲಿರುವ ಕೆಲಸಗಳನ್ನೇ ಅದರಲ್ಲಿ ಮಾಡಿ. ಅದು ಇವನ್ನು ನಿವಾರಿಸಿ, ಈಗಿನ ಫೋನಿನಲ್ಲಿ ನಿಮಗಿಷ್ಟವಾದ ಇನ್ನಾವುದನ್ನೋ ಕಸಿದುಕೊಳ್ಳುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಎರಡೂ ಫೋನುಗಳು ಆಂಡ್ರಾಯ್ಡ್ ಆಗಿದ್ದರೆ ಸ್ಥಳಾಂತರ ಹೆಚ್ಚೂಕಡಿಮೆ ಅರ್ಧ ದಿನದ ಕೆಲಸ. ಆದರೆ ಆಂಡ್ರಾಯ್ಡ್‌ನಿಂದ ಐಫೋನಿಗೋ ಐಫೋನಿನಿಂದ ಆಂಡ್ರಾಯ್ಡ್‌ಗೋ ಹೋಗುವುದಾದರೆ ಲೆಕ್ಕ ಬೇರೆ. ಒಂದು ಆ್ಯಪ್ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡ ಆ್ಯಪ್‌ಗಳು ಇನ್ನೊಂದಕ್ಕೆ ಬರುವುದಿಲ್ಲ. ವಾಟ್ಸ್ಆ್ಯಪ್ ಬ್ಯಾಕಪ್ ಆಂಡ್ರಾಯ್ಡ್‌ನಲ್ಲಿ ಗೂಗಲ್ ಖಾತೆಯಲ್ಲೂ ಐಫೋನಿನಲ್ಲಿ ಐಕ್ಲೌಡ್‌ನಲ್ಲೂ ಇರುತ್ತದೆ. ಒಂದರ ಬ್ಯಾಕಪ್ಪನ್ನು ಇನ್ನೊಂದು ನೇರವಾಗಿ ಓದಲಾರದು. ಸಂಭಾಷಣೆಗಳನ್ನು ಸಾಗಿಸುವ ಅಧಿಕೃತ ಮಾರ್ಗಗಳಿವೆ, ಆದರೆ ಅವನ್ನು ಸಾಮಾನ್ಯವಾಗಿ ಹೊಸ ಫೋನನ್ನು ಮೊದಲ ಬಾರಿ ಸಿದ್ಧಗೊಳಿಸುವಾಗಲೇ ಬಳಸಬೇಕಾಗುತ್ತದೆ. ಕೈಗಡಿಯಾರವಂತೂ ದೊಡ್ಡ ಅಡಚಣೆ. ಆ್ಯಪಲ್ ವಾಚ್ ಐಫೋನಿನೊಂದಿಗೆ ಮಾತ್ರ ಕೆಲಸ ಮಾಡುತ್ತದೆ. 2021ರ ವಾಚ್ 4ರಿಂದ ಈಚಿನ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್‌ಗಳು ಐಫೋನಿಗೆ ಜೋಡಿಯಾಗುವುದಿಲ್ಲ. ಫೋನಿನ ಬೆಲೆಗೆ ಗಡಿಯಾರದ ಬೆಲೆಯೂ ಸೇರಿಕೊಂಡರೆ ಬದಲಾವಣೆ ಎಷ್ಟರಮಟ್ಟಿಗೆ ಲಾಭವೆಂದು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ.

ತಂತ್ರಾಂಶದ ನವೀಕರಣ ಎಷ್ಟು ವರ್ಷ ಸಿಗುತ್ತದೆ ಎಂಬುದನ್ನೂ ಎರಡೂ ಫೋನುಗಳಿಗೆ ನೋಡಿ. ಗೂಗಲ್ 2023ರಲ್ಲಿ ಪಿಕ್ಸೆಲ್ 8 ಸರಣಿಗೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24 ಸರಣಿಗೆ 7 ವರ್ಷಗಳ ನವೀಕರಣದ ಭರವಸೆ ಕೊಟ್ಟವು. ಅಗ್ಗದ ಮಾದರಿಗಳಿಗೆ ಅವಧಿ ಕಡಿಮೆಯಿರುವುದುಂಟು. ಈ ವರ್ಷಗಳನ್ನು ಮಾದರಿ ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆಯೇ ಹೊರತು ನೀವು ಕೊಂಡ ದಿನದಿಂದಲ್ಲ. ರಿಯಾಯಿತಿಗೆ ಸಿಗುತ್ತಿರುವ ಪ್ರತಿಸ್ಪರ್ಧಿ ಫೋನು ಎರಡು ವರ್ಷ ಹಳೆಯದಾಗಿದ್ದರೆ ಅದರ ಆಯಸ್ಸಿನಲ್ಲಿ ಎರಡು ವರ್ಷ ಆಗಲೇ ಕಳೆದಿರುತ್ತವೆ. ಬೇರೆ ದೇಶದಲ್ಲಿ ಮಾರಾಟವಾದ ಫೋನು ಅಗ್ಗವಾಗಿ ಸಿಕ್ಕರೂ ನಿಮ್ಮ ಮೊಬೈಲ್ ಜಾಲದ ತರಂಗಗಳು ಅದಕ್ಕೆ ಹೊಂದುತ್ತವೆಯೇ, ಸಿಮ್ ಹಾಕುವ ಜಾಗವಿದೆಯೇ ಎಂದು ವಿಚಾರಿಸಿಕೊಳ್ಳಿ. ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ 2022ರ ಐಫೋನ್ 14ರಿಂದ ಸಿಮ್ ತಟ್ಟೆಯೇ ಇಲ್ಲ.

ಹಣದ ಲೆಕ್ಕ ಸರಳ. ಪೂರ್ತಿ ಹಣ ವಾಪಸು ಬರುವುದಾದರೆ ನಷ್ಟ ಕವಚ, ಸ್ಕ್ರೀನ್ ಗಾರ್ಡ್, ಚಾರ್ಜರ್‌ಗಳಿಗೆ ಕೊಟ್ಟಷ್ಟು ಮಾತ್ರ. ಅವಧಿ ಮುಗಿದು ಬಳಸಿದ ಫೋನಾಗಿ ಮಾರಬೇಕಾದರೆ, ಒಂದೇ ತಿಂಗಳು ಬಳಸಿದ್ದರೂ ಬೆಲೆ ಗಣನೀಯವಾಗಿ ಇಳಿದಿರುತ್ತದೆ. ವಿನಿಮಯ ಯೋಜನೆಯಲ್ಲಿ ಕೊಡುವ ಮೊತ್ತ ಸಾಮಾನ್ಯವಾಗಿ ನೇರ ಮಾರಾಟಕ್ಕಿಂತಲೂ ಕಡಿಮೆ. ಒಟ್ಟು ನಷ್ಟವನ್ನು ನೀವು ಆ ಫೋನನ್ನು ಬಳಸಲಿರುವ ವರ್ಷಗಳಿಗೆ ಹಂಚಿ ನೋಡಿ. ಪ್ರತಿದಿನ ಎದುರಾಗುವ, ಸರಿಪಡಿಸಲಾಗದ ಒಂದು ತೊಂದರೆ ನಾಲ್ಕು ವರ್ಷಕ್ಕೆ ತಪ್ಪುವುದಾದರೆ ಸಾಧಾರಣ ನಷ್ಟವನ್ನು ಒಪ್ಪಿಕೊಳ್ಳಬಹುದು. ತಿಂಗಳಿಗೊಮ್ಮೆ ಬರುವ ತೊಂದರೆಗೆ ಅಷ್ಟು ಕೊಡುವುದು ನನಗೆ ಸರಿಕಾಣುವುದಿಲ್ಲ. ಮರಳಿಸುವ ಅವಧಿ ಮುಗಿದಿದ್ದು ತೊಂದರೆಯೂ ಚಿಕ್ಕದಾಗಿದ್ದರೆ ಈಗಿನ ಫೋನನ್ನೇ ಉಳಿಸಿಕೊಳ್ಳುವುದು ಜಾಣತನ.

ಬದಲಿಸಲು ನಿರ್ಧರಿಸಿದರೆ, ಸಾಧ್ಯವಿದ್ದಷ್ಟೂ ಹೊಸದು ಕೈಸೇರಿ ಎಲ್ಲವೂ ಅದಕ್ಕೆ ಬಂದ ಮೇಲೆಯೇ ಹಿಂದಿನದನ್ನು ಕೊಡಿ. ಚಿತ್ರಗಳು ಬಂದಿವೆ ಎಂದು ಭಾವಿಸದೆ ಕೆಲವನ್ನು ತೆರೆದು ನೋಡಿ. ಬ್ಯಾಂಕಿನ ಆ್ಯಪ್‌ಗಳನ್ನು ಹೊಸ ಫೋನಿನಲ್ಲಿ ಮತ್ತೆ ನೋಂದಾಯಿಸಬೇಕಾಗುತ್ತದೆ. ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ಪನ್ನು ಮರೆತು ಫೋನು ಅಳಿಸಿಬಿಟ್ಟರೆ ಸ್ವಂತ ಖಾತೆಗಳಿಗೇ ಪ್ರವೇಶ ಸಿಗದಂತಾಗಬಹುದು. ಅದರಲ್ಲಿರುವ ಖಾತೆಗಳನ್ನು ಮೊದಲು ಸಾಗಿಸಿ, ಹೊಸದರಲ್ಲಿ ಒಮ್ಮೆ ಲಾಗಿನ್ ಆಗಿ ಖಚಿತಪಡಿಸಿಕೊಳ್ಳಿ. ಇ-ಸಿಮ್ (ಕಾರ್ಡಿನ ಬದಲು ಫೋನಿನೊಳಗೇ ಅಡಕವಾಗಿರುವ ಸಿಮ್) ಇದ್ದರೆ ಅದನ್ನು ವರ್ಗಾಯಿಸಿ. *#06# ಒತ್ತಿದರೆ ಕಾಣುವ ಐಎಂಇಐ ಸಂಖ್ಯೆಯನ್ನು, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನು, ಬರೆದಿಟ್ಟುಕೊಂಡು, ಮರಳಿಸಿದ ರಸೀದಿಯಲ್ಲಿರುವ ಸಂಖ್ಯೆಯೊಂದಿಗೆ ಹೋಲಿಸಿ.

ಆಮೇಲೆ ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ, ಹಾಗೂ ಫೋನು ಕಂಪನಿಯ ಖಾತೆಯಿದ್ದರೆ ಅದರಿಂದಲೂ, ಹೊರಬಂದು ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಎಲ್ಲವನ್ನೂ ಅಳಿಸಿ ಫೋನನ್ನು ಮೊದಲಿನ ಸ್ಥಿತಿಗೆ ತನ್ನಿ. ಕಳ್ಳತನ ತಡೆಯುವ ಬೀಗ ಖಾತೆಗೆ ಅಂಟಿಕೊಂಡಿರುವುದರಿಂದ ಈ ಕ್ರಮವನ್ನು ತಿರುವುಮುರುವು ಮಾಡಬಾರದು. ರೀಸೆಟ್ ಮುಗಿದ ಮೇಲೆ ಫೋನನ್ನು ಆನ್ ಮಾಡಿ, ವೈಫೈಗೆ ಜೋಡಿಸಿ ಒಂದೆರಡು ಹೆಜ್ಜೆ ಮುಂದೆ ಹೋಗಿ ನೋಡಿ. ಹಿಂದಿನ ಖಾತೆಯ ಗುಪ್ತಪದವನ್ನೋ ಪರದೆ ಬೀಗದ ಸಂಖ್ಯೆಯನ್ನೋ ಅದು ಕೇಳಿದರೆ ಬೀಗ ಇನ್ನೂ ತೆರೆದಿಲ್ಲ. ಆಗ ಅದರಲ್ಲೇ ಲಾಗಿನ್ ಆಗಿ, ಖಾತೆಯನ್ನು ತೆಗೆದು, ಮತ್ತೊಮ್ಮೆ ರೀಸೆಟ್ ಮಾಡಿದ ಮೇಲೆ ಫೋನನ್ನು ಮಾರಾಟಗಾರರಿಗೆ ಒಪ್ಪಿಸಿ.