ಕುಪ್ಯದ ಕಟಿಂಗ್‌ನಲ್ಲಿ ಹಾಕಿ ಜಾಕೆಟ್: ನನ್ನ ಅನುಭವ

ನಾನು ಹೊಲಿದ ಜಾಕೆಟ್ ಮೂರನೇ ಸಲವೂ ಹರಿದದ್ದು ಕಂಕುಳಲ್ಲೇ. ಹುಡುಗ ಸ್ಟಿಕ್ ಎತ್ತಿ ಬೀಸಿದ, ಚರ್ ಅಂತ ಸದ್ದು ಬಂತು. ಮೈದಾನದ ಅಂಚಲ್ಲಿದ್ದವರೆಲ್ಲ ನಕ್ಕರು. ಆದರೆ ಈ ವರ್ಷ ಇಪ್ಪತ್ತೆರಡು ಜಾಕೆಟ್ ಕೊಟ್ಟಿದ್ದೇನೆ, ಒಂದೂ ರಿಪೇರಿಗೆ ವಾಪಸ್ ಬಂದಿಲ್ಲ. ನಕ್ಕವರು ಇದನ್ನೂ ಓದಲಿ.

ಕೊಡವ ಮನೆತನಗಳು ತಂಡ ಕಟ್ಟಿ ಆಡುವ ಕೊಡವ ಹಾಕಿ ಹಬ್ಬ 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದಾಗ ಅರವತ್ತು ತಂಡ. ಈಗ ಮುನ್ನೂರು ದಾಟುತ್ತದೆ. ಆದರೆ ಬೆನ್ನ ಮೇಲಿನ ಮನೆಹೆಸರು ತೆಗೆದರೆ ಆ ಜರ್ಸಿಗಳು ಯಾವ ಊರಿನವೂ ಆಗಬಹುದು, ಅಲ್ವಾ? ಕುಪ್ಯ ಅಂದರೆ ಕೊಡವ ಗಂಡಸರ ಉದ್ದ ಕೋಟು. ಅದರ ಒಂದರ ಮೇಲೊಂದು ಬರುವ ಎದುರು ಪದರ, ಅರ್ಧ ತೋಳು, ಸೊಂಟಕ್ಕೆ ಸುತ್ತುವ ಚೇಲೆಯ ಕೆಂಪು, ಇಷ್ಟಾದರೂ ವಾರ್ಮಪ್ ಜಾಕೆಟ್ಟಿಗೆ ಬರಲಿ ಅಂತ ಹೊರಟೆ.

ಮೊದಲು ಮಾಡಿದ ತಪ್ಪು, ಹಳೇ ಕುಪ್ಯದ ಕಟಿಂಗ್ ಹಾಗೇ ಇಟ್ಟು ಬಟ್ಟೆ ಮಾತ್ರ ಬದಲಿಸಿದ್ದು. ಸುಗ್ಗಿ ಹಬ್ಬ ಪುತ್ತರಿಯ ಕೋಲಾಟಕ್ಕೆ ಅದು ಸರಿ. ಬಗ್ಗಿ ಓಡಿದರೆ ಮೊಣಕಾಲವರೆಗಿನ ಅಂಚು ತೊಡೆಗೆ ಸುತ್ತಿಕೊಳ್ಳುತ್ತದೆ, ಎದುರು ಪದರಕ್ಕೆ ಸ್ಟಿಕ್ ಸಿಕ್ಕಿಕೊಳ್ಳುತ್ತದೆ. ಆಮೇಲೆ ತಿರುಪ್ಪೂರಿನಿಂದ ಇಪ್ಪತ್ತೈದು ಕಿಲೋ ಪಾಲಿಯೆಸ್ಟರ್ ಇಂಟರ್‌ಲಾಕ್ ಹೆಣಿಗೆ ಬಟ್ಟೆ ತರಿಸಿದೆ, ಕಿಲೋಗೆ ನಾನೂರರ ಹತ್ತಿರ. ಅಡ್ಡಕ್ಕೆ ಮಾತ್ರ ಎಳೆಯುತ್ತಿತ್ತು, ಉದ್ದಕ್ಕೆ ಇಲ್ಲ. ಹತ್ತು ಸಾವಿರ ಹೋಯಿತು. ಆ ಬಟ್ಟೆಯಲ್ಲಿ ನಮ್ಮ ಮನೆಯವರೆಲ್ಲ ಇವತ್ತಿಗೂ ಪೈಜಾಮ ಹಾಕುತ್ತಾರೆ.

ಚೇಲೆಯ ಕೆಂಪು ಇನ್ನೊಂದು ಕಥೆ. ಕೆಂಪು ಪಟ್ಟಿ ಮೇಲೆ ಬಿಳಿ ಅಕ್ಷರ ಪ್ರೆಸ್ ಮಾಡಿಸಿದೆ. ಬಿಸಿಗೆ ಕೆಳಗಿನ ಬಣ್ಣ ಮೇಲೇರಿ, ಎರಡೇ ದಿನದಲ್ಲಿ ಮನೆಹೆಸರು ಗುಲಾಬಿ! ಈಗ ಅಕ್ಷರ ಕಸೂತಿಯಲ್ಲೇ. ಒಂದಕ್ಕೆ ನೂರಿಪ್ಪತ್ತು ಜಾಸ್ತಿ ಬೀಳುತ್ತದೆ, ಆದರೆ ನಿದ್ದೆ ಬರುತ್ತದೆ.

ಕೊನೆಗೆ ಗೆದ್ದದ್ದು ಹೀಗೆ. ಎದುರು ಪದರವನ್ನು ಸೊಂಟದವರೆಗೆ ಹೊಲಿದು ಕೂರಿಸಿದೆ, ಕೆಳಗೆ ಎರಡೂ ಪಕ್ಕ ಸೀಳು. ಉದ್ದ ಅರ್ಧ ತೊಡೆಗೆ. ಏಪ್ರಿಲ್ ಬಿಸಿಲಿಗೆ ಕಪ್ಪು ಬಟ್ಟೆ ಕಾಯುತ್ತದೆ, ಅದಕ್ಕೆ ಬೆನ್ನಿಗೆ ಜಾಲರಿ. ಚೇಲೆ ಬದಲು ಐದಿಂಚಿನ ಕೆಂಪು ರಿಬ್, ಅಂದರೆ ಎಳೆಯುವ ಹೆಣಿಗೆ ಪಟ್ಟಿ. ಕಂಕುಳಿಗೆ ವಜ್ರದಾಕಾರದ ತುಂಡು, ನಾಲ್ಕೂ ಕಡೆ ಎಳೆಯುವ ಬಟ್ಟೆಯಲ್ಲಿ. ಅದರ ಅಳತೆ ಮಾತ್ರ ಕೇಳಬೇಡಿ, ಮೂರು ವರ್ಷ ತಿಂದಿದೆ.

ನಡುವೆ ಹುಡುಗಿಯರಿಗೆ ಒಂದು ಸ್ಕರ್ಟ್ ಹೊಲಿದೆ. ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ಕೊಡವ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು ಅನ್ನುತ್ತಾರಲ್ಲ, ಹಾಗೇ ಆರು ನೆರಿಗೆ ಹಿಂದಕ್ಕೆ, ಒಳಗೆ ಚಡ್ಡಿ. ಓಡೋಕೆ ಚೆನ್ನ. ಬೆಂಚಿನ ಮೇಲೆ ಕೂತರೆ ಒತ್ತುತ್ತದಂತೆ. ಅದಿನ್ನೂ ಬಗೆಹರಿದಿಲ್ಲ.

ಖರ್ಚು ಒಂದಕ್ಕೆ ಏಳುನೂರರ ಆಸುಪಾಸು, ಮಾರಿದ್ದು ಸಾವಿರದ ನೂರಕ್ಕೆ. ಕಳೆದುಕೊಂಡ ಮೂವತ್ತೈದು ಸಾವಿರ ಇನ್ನೂ ಪೂರ್ತಿ ಬಂದಿಲ್ಲ.

ಎಲ್ಲರಿಗಿಂತ ಜಾಸ್ತಿ ಸಿಟ್ಟಾಗಿದ್ದವರು ಆ ಹುಡುಗನ ಒಕ್ಕದ, ಅಂದರೆ ಮನೆತನದ, ಹಿರಿಯ ಪಟ್ಟೆದಾರರು. "ಇದರಲ್ಲಿ ಪೀಚೆಕತ್ತಿ ಎಲ್ಲಿ ಸಿಕ್ಕಿಸೋದಪ್ಪಾ?" ಅಂದಿದ್ದರು. ಚೇಲೆಗೆ ಸಿಕ್ಕಿಸುವ ಆ ಪುಟ್ಟ ಕತ್ತಿಯ ಜಾಗಕ್ಕೇ, ರಿಬ್‌ನ ಎದುರಿಗೆ, ಹಲ್ಲು ಕಾಯುವ ಮೌತ್‌ಗಾರ್ಡ್ ಇಡೋಕೆ ಪುಟ್ಟ ಜೇಬು ಇಟ್ಟೆ. ಮೊನ್ನೆ ಅಂಗಡಿಗೆ ಬಂದು ಬೆರಳು ಹಾಕಿ ನೋಡಿದರು. ಆಮೇಲೆ ಐನೂರು ಮುಂಗಡ ಇಟ್ಟು, "ನಂಗೊಂದು ಹೊಲಿ. ತೋಳು ಮಾತ್ರ ಪೂರ್ತಿ ಇರಲಿ, ಚಳಿ" ಅಂದರು.