ವಿಂಬಲ್ಡನ್ ಮಳೆಯಲ್ಲಿ ಒಂದು ದಿನ: ಲಂಡನ್ನಿಗೆ ಹೊರಟ ನಮ್ಮ ಕಡೆಯ ಮಕ್ಕಳಿಗೆ

ಈ ಸಲ ಶಿರಸಿಗೆ ಬಂದಾಗಿನಿಂದ ಇದೇ ಮಾತು. ಕಾರವಾರ, ಕುಮಟಾ, ಸಿದ್ದಾಪುರದಿಂದ ಲಂಡನ್ನಿಗೆ ಹೊರಟ ಹುಡುಗ ಹುಡುಗಿಯರು ಮನೆಗೆ ಬಂದು, "ಅಲ್ಲಿ ಯಾವಾಗಲೂ ಮಳೆಯಂತೆ, ಹೌದಾ?" ಅಂತ ಕೇಳುತ್ತಾರೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ, ಲಂಡನ್ನಿನಲ್ಲಿ ಸುಮಾರು 600. ನೀವು ಹೆದರುವಂಥ ಮಳೆಯಲ್ಲ ಅದು. ಆದರೆ ಜಿಟಿಜಿಟಿ, ಜೊತೆಗೆ ಚಳಿಗಾಳಿ. ಒದ್ದೆ ಕಾಲ್ಚೀಲದಲ್ಲಿ ಎರಡು ತಾಸು ನಿಂತರೆ ಮೈ ನಡುಗುತ್ತದೆ. ಇನ್ನೊಂದು ಜೊತೆ ಚೀಲದಲ್ಲಿರಲಿ.

ಮಳೆ ಅಂತ ರೂಮಿನಲ್ಲೇ ಕೂತರೆ ಮನೆ ನೆನಪು ಜಾಸ್ತಿಯಾಗುತ್ತದೆ. ವಿಂಬಲ್ಡನ್ ಟೆನಿಸ್ ನಡೆಯುವ ಎರಡು ವಾರ ನಮ್ಮಲ್ಲಿ ಆರಿದ್ರಾ, ಪುನರ್ವಸು ಮಳೆಯ ಹೊತ್ತು. ಆಗ ಒಂದು ದಿನ ಹೊರಗೆ ಬೀಳಿ. ಟೆನಿಸ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ಲಂಡನ್ ಮೆಟ್ರೋದ ಡಿಸ್ಟ್ರಿಕ್ಟ್ ಲೈನಿನಲ್ಲಿ ವಿಂಬಲ್ಡನ್ ಕಡೆಯ ರೈಲು ಹಿಡಿದು ಸೌತ್‌ಫೀಲ್ಡ್ಸ್‌ನಲ್ಲಿ ಇಳಿಯಿರಿ. ವಿಂಬಲ್ಡನ್ ಹೆಸರಿನ ಸ್ಟೇಷನ್ ಇನ್ನೂ ಮುಂದಿದೆ, ಆದರೆ ಮೈದಾನಕ್ಕೆ ಹತ್ತಿರ ಇದೇ. ಕಾಲು ಗಂಟೆ ನಡಿಗೆ. ಫುಟ್‌ಪಾತ್ ತುಂಬ ಜನ ಇರುತ್ತಾರೆ, ಕೊಡೆಗಿಂತ ಟೊಪ್ಪಿ ಇರುವ ರೇನ್‌ಕೋಟ್ ವಾಸಿ.

ಅವತ್ತಿನ ಟಿಕೆಟ್ಟಿಗೆ ನಿಲ್ಲುವ ಸಾಲು ವಿಂಬಲ್ಡನ್ ಪಾರ್ಕ್‌ನಲ್ಲಿ. ಬೆಳಗ್ಗೆ ಬೇಗ ಹೋಗಿ ಸಾಲಿನ ಕೊನೆಗೆ ನಿಂತರೆ ನಂಬರ್ ಇರುವ ಕಾರ್ಡ್ ಕೊಡುತ್ತಾರೆ, ಒಬ್ಬರಿಗೆ ಒಂದೇ. "ನಮ್ಮವರು ಇಬ್ಬರು ಹಿಂದೆ ಬರ್ತಾ ಇದ್ದಾರೆ" ಅಂತ ಜಾಗ ಹಿಡಿಯುವುದು ಅಲ್ಲಿ ನಡೆಯುವುದಿಲ್ಲ. ಚಹಕ್ಕೆ ಹೋದರೂ ಅರ್ಧ ಗಂಟೆಯೊಳಗೆ ವಾಪಸ್ ಬರಬೇಕು. ಅಕ್ಕಪಕ್ಕದವರ ಹತ್ತಿರ ಮಾತಾಡಿ. ರೈಲಿನಲ್ಲಿ ಮುಖ ಎತ್ತದ ಜನ ಈ ಸಾಲಿನಲ್ಲಿ ತಾವಾಗಿಯೇ ಮಾತು ತೆಗೆಯುತ್ತಾರೆ. ನನಗಂತೂ ಲಂಡನ್ ಹತ್ತಿರವಾದದ್ದು ಇಲ್ಲಿಯೇ. ಮನೆಯ ತಿಂಡಿ ಒಳಗೂ ಒಯ್ಯಬಹುದು. ಚಪಾತಿ, ಪಲ್ಯ ಕಟ್ಟಿಕೊಳ್ಳಿ.

ಮೊದಲ ಸಲ ಗ್ರೌಂಡ್ ಪಾಸ್, ಅಂದರೆ ಒಳಗೆ ಹೋಗಿ ಸಣ್ಣ ಕೋರ್ಟುಗಳ ಆಟ ನೋಡುವ ಟಿಕೆಟ್, ಸಾಕು. ಮುಚ್ಚುವ ಛಾವಣಿ ಇರುವುದು ಸೆಂಟರ್ ಕೋರ್ಟಿಗೆ, 2009ರಿಂದ. ನಂಬರ್ 1 ಕೋರ್ಟಿಗೆ, 2019ರಿಂದ. ಉಳಿದ ಕಡೆ ಹನಿ ಬಿದ್ದರೆ ಆಟ ನಿಂತಿತು. ಆಗ ಎದ್ದು ಹೋಗಬೇಡಿ, ಅದನ್ನೇ ನೋಡಬೇಕು. ಅಂಗಳದಲ್ಲಿ ಹರವಿದ ಅಡಿಕೆಗೆ ಅಕಾಲ ಮಳೆ ಬಂದರೆ ಮನೆಮಂದಿಯೆಲ್ಲ ತಾಡಪತ್ರಿ ಹಿಡಿದು ಓಡುತ್ತೇವಲ್ಲ, ಥೇಟ್ ಹಾಗೆ. ಕೆಲಸದವರು ಸಾಲಾಗಿ ಹೊದಿಕೆ ಹಿಡಿದು ಓಡುತ್ತಾರೆ, ನೆಟ್ ಇಳಿಯುತ್ತದೆ, ನೋಡುನೋಡುತ್ತಿದ್ದಂತೆ ಕೋರ್ಟು ಪೂರ್ತಿ ಮುಚ್ಚಿರುತ್ತದೆ. ಹುಲ್ಲಿನ ಎತ್ತರ ಬರೀ 8 ಮಿಲಿಮೀಟರ್. ಅದು ಒದ್ದೆಯಾದರೆ ಆಟಗಾರರ ಕಾಲು ಜಾರುತ್ತದೆ, ಅದಕ್ಕೇ ಇಷ್ಟು ಅವಸರ. ಹೊದಿಕೆ ತೆಗೆಯುವಾಗ ಜನ ಚಪ್ಪಾಳೆ ಹೊಡೆಯುತ್ತಾರೆ, ನೀವೂ ಹೊಡೆಯಿರಿ. ಅಲ್ಲಿಯವರೆಗೆ ಮೈದಾನದೊಳಗಿನ ಗುಡ್ಡದ ಮೇಲೆ ಕೂತು ಎದುರಿನ ದೊಡ್ಡ ಪರದೆಯಲ್ಲಿ ಛಾವಣಿಯೊಳಗಿನ ಆಟ ನೋಡಬಹುದು.

ವಾಪಸ್ ಬರುವಾಗ ಸೌತ್‌ಫೀಲ್ಡ್ಸ್‌ನ ನೂಕುನುಗ್ಗಲು ಬೇಡ. ಚರ್ಚ್ ರಸ್ತೆಯ ಏರು ಹತ್ತಿ, ವಿಂಬಲ್ಡನ್ ವಿಲೇಜ್ ದಾಟಿ, ಇಳಿಜಾರಿನಲ್ಲಿ ವಿಂಬಲ್ಡನ್ ಸ್ಟೇಷನ್ನಿಗೆ ನಡೆಯಿರಿ. ಇನ್ನೂ ಶಕ್ತಿ ಇದ್ದರೆ ಎಫ್ರಾ ರಸ್ತೆಯಲ್ಲಿ ಗಣಪತಿ ದೇವಸ್ಥಾನವಿದೆ. ಬಾಗಿಲು ತೆರೆಯುವ ಹೊತ್ತು ಮೊದಲೇ ನೋಡಿಕೊಂಡು ಹೋಗಿ. ಮನೆಗೆ ಫೋನ್ ಮಾಡುವುದಿದ್ದರೆ ಸಂಜೆ ಐದರೊಳಗೆ ಮಾಡಿಬಿಡಿ. ಆಗಲೇ ಇಲ್ಲಿ ರಾತ್ರಿ ಒಂಬತ್ತೂವರೆ, ಆಯಿ ಕಾಯುತ್ತಿರುತ್ತಾರೆ.